ಸೇತುವೆ ಬಂತು, ಸರದಿ ಹೋಯಿತು: ವಾರಾಂತ್ಯದ ಮಲೆನಾಡಿನ ಲೆಕ್ಕ

ಸಾಗರ ತಾಲ್ಲೂಕಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಶರಾವತಿ ಹಿನ್ನೀರಿಗೆ ಅಡ್ಡಲಾಗಿ 2.44 ಕಿಲೋಮೀಟರ್ ಉದ್ದ. ಜನರ ಬಾಯಲ್ಲಿ ಅದು ಸಿಗಂದೂರು ಸೇತುವೆ. ಇಷ್ಟು ದೊಡ್ಡ ಸೇತುವೆ ಆ ಕಾಡಿಗೆ ಬೇಕಿತ್ತಾ ಅಂತ ಕೇಳುವವರು ಹಿನ್ನೀರಿನ ಆಚೆಗಿರುವ ಕರೂರು ಹೋಬಳಿಯಲ್ಲಿ ಮೊದಲು ಒಂದು ಮಳೆಗಾಲ ಕಳೆದು ನೋಡಬೇಕಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಇಲ್ಲಿನ ಗದ್ದೆ, ತೋಟ, ಮನೆಗಳು ಮುಳುಗಿದವು. ತುಮರಿ ಸುತ್ತಲಿನ ಊರುಗಳು ನೀರಿನ ಆಚೆ ಉಳಿದವು. ಆಸ್ಪತ್ರೆಗೆ, ಕಾಲೇಜಿಗೆ, ತಾಲ್ಲೂಕು ಕಚೇರಿಗೆ ಹೋಗಲು ಜನ, ವಾಹನ ಹೊತ್ತು ದಾಟಿಸುವ ಲಾಂಚ್ ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಯಾರಿಗಾದರೂ ಹೆರಿಗೆ ನೋವು ಬಂದರೆ ಕಾಡುದಾರಿಯಲ್ಲಿ ಸುತ್ತಿ ಬರಬೇಕಿತ್ತು. ಅವರ ಪಾಲಿಗೆ ಈ ಸೇತುವೆ ಅರವತ್ತು ವರ್ಷ ತಡವಾಗಿ ತೀರಿದ ಬಾಕಿ. ಇದರಲ್ಲಿ ಎರಡು ಮಾತಿಲ್ಲ.

ಆದರೆ ಲಾಂಚ್ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಯಾರೂ ಅದಕ್ಕೆ ಹೇಳಿರಲಿಲ್ಲ, ತಾನಾಗಿಯೇ ಮಾಡುತ್ತಿತ್ತು. ಒಂದು ಸಲಕ್ಕೆ ಇಷ್ಟೇ ವಾಹನ, ಇಷ್ಟೇ ಜನ. ದಸರಾ ರಜೆ, ವರ್ಷದ ಕೊನೆಯ ವಾರ ಅಂದರೆ ಲಾಂಚ್ ಹತ್ತುವ ಹೊಳೆಬಾಗಿಲಿನಲ್ಲಿ ಕಾರುಗಳ ಸಾಲು ರಸ್ತೆಯುದ್ದಕ್ಕೂ ನಿಲ್ಲುತ್ತಿತ್ತು. ಬೇಸಿಗೆ ಕೊನೆಯಲ್ಲಿ ನೀರು ತೀರಾ ಇಳಿದಾಗ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಕಾಯಲು ಆಗದವರು ವಾಪಸ್ ಹೋಗುತ್ತಿದ್ದರು. ಹಾಗಾಗಿ ಸಿಗಂದೂರಿನ ದೇವಸ್ಥಾನಕ್ಕೆ, ಅದರ ಸುತ್ತಲಿನ ಊರುಗಳಿಗೆ ಒಂದು ದಿನದಲ್ಲಿ ಎಷ್ಟು ಜನ ಬರಬಹುದು ಅನ್ನುವುದನ್ನು ದೋಣಿಯ ಅಗಲವೇ ತೀರ್ಮಾನಿಸುತ್ತಿತ್ತು. ಈಗ ಅದನ್ನು ತೀರ್ಮಾನಿಸುವವರು ಯಾರೂ ಇಲ್ಲ.

ಸಿಗಂದೂರಿನ ಕತೆ ಕಣ್ಣಿಗೆ ಕಾಣುವಷ್ಟು ಸ್ಪಷ್ಟ, ಅಷ್ಟೇ. ಮಲೆನಾಡಿನ ಬಹಳ ಜಾಗಗಳಲ್ಲಿ ಮಿತಿ ಹಾಕುತ್ತಿದ್ದದ್ದು ಕಾನೂನಲ್ಲ, ದಾರಿ. ಕೊಡಚಾದ್ರಿಯ ಜೀಪ್ ದಾರಿಯಲ್ಲಿ ಒಮ್ಮೆ ಕುಲುಕಿಸಿಕೊಂಡವರು ಮತ್ತೆ ಹೋಗುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮಳೆಗಾಲಕ್ಕೆ ಭಾರಿ ವಾಹನ ಬಿಡುವುದಿಲ್ಲ. ಬೆಂಗಳೂರಿನಿಂದ ಜೋಗಕ್ಕೆ ಸುಮಾರು 400 ಕಿಲೋಮೀಟರ್, ಒಂದು ದಿನದಲ್ಲಿ ಹೋಗಿ ಬರುವ ಮಾತೇ ಇರಲಿಲ್ಲ. ಈಗ ರಸ್ತೆ ಅಗಲವಾಗುತ್ತಿದೆ. 2023ರಲ್ಲಿ ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಬಂತು. ಶುಕ್ರವಾರ ರಾತ್ರಿ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೊರಟರೆ ಶನಿವಾರ ಬೆಳಗಿನ ಕಾಫಿ ಸಾಗರದಲ್ಲಿ. ಭಾನುವಾರ ರಾತ್ರಿ ಮನೆ. ಹುಬ್ಬಳ್ಳಿ, ದಾವಣಗೆರೆ, ಉಡುಪಿ ಕಡೆಯವರಿಗಂತೂ ಅದು ಬೆಳಿಗ್ಗೆ ಹೊರಟು ರಾತ್ರಿ ಮರಳುವ ದಾರಿ.

ದಾರಿ ಸರಿಯಾಗಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ದಾರಿ ಹಾಕಿದ್ದ ಮಿತಿ ಹೋದ ಜಾಗದಲ್ಲಿ ಬೇರೆ ಮಿತಿಯನ್ನು ಯಾರೂ ಯೋಚಿಸಿ ಇಟ್ಟಿಲ್ಲ ಅನ್ನುವುದು ನನ್ನ ತಕರಾರು. ಅದರ ಬದಲು ನಮ್ಮಲ್ಲಿ ಇರುವುದು ನಿಷೇಧ.

ನಿಷೇಧ ಹೇಗೆ ಬರುತ್ತದೆ ಅನ್ನುವುದು ನಮಗೆಲ್ಲ ಗೊತ್ತು. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿ ಜಲಪಾತದ ಬಂಡೆ ಮೇಲೆ ನಿಂತಿದ್ದ ಭದ್ರಾವತಿಯ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ. ಜೊತೆಯವನು ತೆಗೆಯುತ್ತಿದ್ದ ವಿಡಿಯೊ ಇಡೀ ರಾಜ್ಯ ನೋಡಿತು. ಆಮೇಲೆ ಜಲಪಾತಗಳಿಗೆ ಹೋಗಬಾರದು ಅಂತ ಆದೇಶ, ಬ್ಯಾರಿಕೇಡ್, ಬೋರ್ಡು. ಮಳೆ ಕಡಿಮೆಯಾದ ಮೇಲೆ ಆದೇಶ ನೆನಪಿನಿಂದ ಹೋಗುತ್ತದೆ. ಮುಂದಿನ ಜುಲೈಗೆ ಮತ್ತೆ ಅದೇ. ಈ ರೀತಿಯ ಆದೇಶಕ್ಕೆ ಒಂದು ದೋಷವಿದೆ. ಬಂಡೆಯ ಅಂಚಿಗೆ ಹೋಗುವವನಿಗೂ ಗೈಡ್ ಕರೆದುಕೊಂಡು ಶಿಸ್ತಾಗಿ ನಡೆಯುವವರಿಗೂ ಒಂದೇ ಬಾಗಿಲು ಮುಚ್ಚುತ್ತದೆ. ಮೊದಲನೆಯವನು ಹೇಗೂ ಬೇಲಿ ಹಾರುತ್ತಾನೆ. ಎರಡನೆಯವರು ಬರುವುದಿಲ್ಲ. ನಷ್ಟ ಆಗುವುದು ಗೈಡ್‌ಗೆ, ಜೀಪ್ ಓಡಿಸುವವನಿಗೆ, ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುವ ಹೆಂಗಸಿಗೆ.

ಇದಕ್ಕಿಂತ ಮೇಲು ಅನ್ನಿಸುವ ದಾರಿಯೂ ಶುರುವಾಗಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಎಚ್ಚೆತ್ತಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಅನ್ನುವ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಬಂತು. ಒಂದು ಚಾರಣದ ದಾರಿಗೆ ದಿನಕ್ಕೆ 300 ಜನ ಅಂತ ಮಿತಿ. ಪಕ್ಕದ ಚಿಕ್ಕಮಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಭಾಗಕ್ಕೆ ಹೋಗುವ ವಾಹನಗಳು ಮೊದಲೇ ನೋಂದಣಿ ಮಾಡಿಸಬೇಕು. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ, ಪಾಳಿಗೆ 600 ವಾಹನ. ಗುಡ್ಡದ ಮೇಲೆ ಕಾರುಗಳು ಮೂರು ಗಂಟೆ ಸಿಕ್ಕಿಹಾಕಿಕೊಂಡು ನಿಲ್ಲುವುದಕ್ಕಿಂತ ಇದು ಎಷ್ಟೋ ವಾಸಿ.

ಇದರಲ್ಲೂ ತೊಂದರೆ ಇಲ್ಲದಿಲ್ಲ. 300 ಅನ್ನುವ ಅಂಕಿ ಎಲ್ಲ ದಾರಿಗೂ ಒಂದೇ ಆಗಿರಲು ಆಗುವುದಿಲ್ಲ. ಹುಲ್ಲುಗಾವಲಿನ ಅಗಲವಾದ ಬೆನ್ನು ಮುನ್ನೂರು ಜನರನ್ನು ತಡೆಯಬಹುದು. ಕೊಡಚಾದ್ರಿಗೆ ಹೋಗುವಾಗ ಹಿಡ್ಲುಮನೆ ಜಲಪಾತದ ಪಕ್ಕದಲ್ಲಿ ಕೈಕಾಲು ಊರಿ ಹತ್ತುವ ದಾರಿ ತಡೆಯುವುದಿಲ್ಲ. ಇನ್ನೊಂದು ಸಣ್ಣ ವಿಷಯ, ಆದರೆ ಬಾಗಿಲಲ್ಲಿ ಜಗಳ ಆಗುವುದು ಇದಕ್ಕೇ: ಹೊಸನಗರ, ಸಾಗರದ ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲ. ಇಲ್ಲಿನ ಜನ 'ನೆಟ್‌ವರ್ಕ್ ಇಲ್ಲ, ಮತ ಇಲ್ಲ' ಅಂತ ಚಳವಳಿಯನ್ನೇ ಮಾಡಿದ್ದರು. ಫೋನಿನಲ್ಲಿರುವ ಟಿಕೆಟ್ ತೆರೆಯಲು ಗೇಟಿನ ಮುಂದೆ ಕೈ ಮೇಲೆತ್ತಿ ಸಿಗ್ನಲ್ ಹುಡುಕುವುದು ಬೇಡ. ಊರು ಬಿಡುವ ಮುಂಚೆಯೇ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಸಾಧ್ಯವಾದರೆ ಪ್ರಿಂಟ್.

ಇನ್ನು ಜೋಗ. ಶಿವಮೊಗ್ಗ ಜಿಲ್ಲೆಗೆ ಬರುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಇದೊಂದೇ ಹೆಸರು. ಇಲ್ಲಿ ನೂಕುನುಗ್ಗಲು ಆಗುವುದಕ್ಕೂ ನಿರಾಸೆ ಆಗುವುದಕ್ಕೂ ಕಾರಣ ಒಂದೇ. ಅದು ನೀರಿನ ಲೆಕ್ಕ.

253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಧುಮುಕುತ್ತವೆ ಅಂತ ಶಾಲೆಯಲ್ಲೇ ಓದಿದ್ದೇವೆ. ಆದರೆ ಈ ಜಲಪಾತಕ್ಕಿಂತ ಸುಮಾರು ಆರು ಕಿಲೋಮೀಟರ್ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ. ನದಿಯ ನೀರು ಅಲ್ಲಿ ನಿಲ್ಲುತ್ತದೆ. ಅಲ್ಲಿಂದ ಅದು ಕಾಲುವೆಯಲ್ಲಿ ತಳಕಳಲೆ ಜಲಾಶಯಕ್ಕೆ, ಅಲ್ಲಿಂದ ಪೈಪುಗಳಲ್ಲಿ ಇಳಿದು 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ. ಅಂದರೆ ಶರಾವತಿಯ ಬಹುಪಾಲು ನೀರು ಜೋಗದ ಬಂಡೆಯನ್ನು ಮುಟ್ಟುವುದೇ ಇಲ್ಲ. ಜೂನ್, ಜುಲೈನಲ್ಲಿ ನಾವು ನೋಡುವ ನೀರು ಹೆಚ್ಚಾಗಿ ಅಣೆಕಟ್ಟಿನ ಕೆಳಗೆ, ಜಲಪಾತದ ಹತ್ತಿರದ ಕಾಡಿನಲ್ಲಿ ಬಿದ್ದ ಮಳೆಯದು. ಅದೂ ಚಂದವೇ. ನಾಲ್ಕು ಕವಲೂ ಬೇರೆ ಬೇರೆಯಾಗಿ ಕಾಣುವುದು ಆಗಲೇ. ಇಡೀ ಬಂಡೆ ಮುಚ್ಚಿ ನೀರು ಭೋರ್ಗರೆಯುವ ಆ ರೀಲ್ಸ್ ಇದೆಯಲ್ಲ, ಅದು ಅಣೆಕಟ್ಟು 1,819 ಅಡಿಯ ಹತ್ತಿರ ತುಂಬಿ ಗೇಟು ಎತ್ತಿದ ದಿನಗಳದ್ದು. ವರ್ಷದಲ್ಲಿ ಅಂಥ ದಿನ ಬೆರಳೆಣಿಕೆ. ಕೆಲವು ವರ್ಷ ಒಂದೂ ಇಲ್ಲ. 2023ರಂಥ ಬರದ ವರ್ಷದಲ್ಲಿ ಕಾದವರು ಕಾದೇ ಇದ್ದರು.

ರೀಲ್ಸ್‌ಗೆ ತಾರೀಖು ಇರುವುದಿಲ್ಲ. ಆಗಸ್ಟ್‌ನ ವಿಡಿಯೊ ಡಿಸೆಂಬರ್‌ನಲ್ಲೂ ಓಡುತ್ತಿರುತ್ತದೆ. ಅದನ್ನು ನೋಡಿ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದವರಿಗೆ ಕಾಣುವುದು ಕಪ್ಪು ಬಂಡೆ, ಅದರ ಮೇಲೆ ದಾರದಂಥ ನಾಲ್ಕು ಎಳೆ. "ಇಷ್ಟೇನಾ?" ಅನ್ನುತ್ತಾರೆ. ಇನ್ನೊಂದು ಕಡೆ, ಗೇಟು ಎತ್ತಿದ ಸುದ್ದಿ ಟಿವಿಯಲ್ಲಿ ಬಂದ ಮೊದಲ ಭಾನುವಾರ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಆ ದಿನ ತಾಳಗುಪ್ಪದಿಂದ ಮುಂದೆ ಕಾರು ಮಿಸುಕುವುದಿಲ್ಲ. ಲಿಂಗನಮಕ್ಕಿಯ ನೀರಿನ ಮಟ್ಟ ಮಳೆಗಾಲದಲ್ಲಿ ಪ್ರತಿ ದಿನ ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ನೋಡಿಕೊಂಡು ಮಂಗಳವಾರವೋ ಬುಧವಾರವೋ ಬನ್ನಿ. ರಜೆ ಸಿಗದಿದ್ದರೆ ಶನಿವಾರ ಬೆಳಿಗ್ಗೆ ಬೇಗ ತಲುಪಿ. ಹತ್ತು ಗಂಟೆ ಆದ ಮೇಲೆ ಮಂಜು ಮುಚ್ಚುವುದೂ ಉಂಟು, ಜನ ಮುಚ್ಚುವುದೂ ಉಂಟು. ಇನ್ನೊಂದು ಮಾತು. ಜೋಗದಲ್ಲಿ ಕೆಲವು ವರ್ಷಗಳಿಂದ ಕಾಮಗಾರಿ ನಡೆಯುತ್ತಿದೆ. 2025ರ ಆರಂಭದಲ್ಲಿ ಅದಕ್ಕಾಗಿಯೇ ಕೆಲವು ತಿಂಗಳು ಪ್ರವೇಶ ಬಂದ್ ಮಾಡಿದ್ದರು. ಹೊರಡುವ ಮುಂಚೆ ವಿಚಾರಿಸುವುದು ಒಳ್ಳೆಯದು.

ಮಳೆಗಾಲದಲ್ಲಿ ಆಗುಂಬೆಗೆ ಸೂರ್ಯಾಸ್ತ ನೋಡಲು ಬರುವವರ ಬಗ್ಗೆ ಏನು ಹೇಳಲಿ. ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಊರು ಅದು. ಜುಲೈನಲ್ಲಿ ಸೂರ್ಯನೇ ಇರುವುದಿಲ್ಲ, ಅಸ್ತ ಎಲ್ಲಿಂದ? ಸೂರ್ಯಾಸ್ತ ಬೇಕಾದರೆ ಡಿಸೆಂಬರ್, ಜನವರಿ. ಮಳೆ ಬೇಕಾದರೆ ಜುಲೈಗೆ ಬಂದು ಒಂದು ಜಗುಲಿಯಲ್ಲಿ ಸುಮ್ನೆ ಕೂತು ನೋಡಿ. ಘಾಟಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಸಿಂಗಳೀಕಕ್ಕೆ ಚಿಪ್ಸ್ ಕೊಡುವುದು ಮಾತ್ರ ಬೇಡ. ಸಿಂಗಳೀಕ ಮರದ ಮೇಲೇ ಬದುಕುವ ಪ್ರಾಣಿ. ಈಗ ಅದು ತಿಂಡಿಯ ಆಸೆಗೆ ಡಾಂಬರಿಗೆ ಇಳಿಯುವುದನ್ನು ಕಲಿತಿದೆ, ಗಾಡಿಗೆ ಸಿಕ್ಕಿ ಸಾಯುತ್ತಿದೆ.

ಜನ ಇಷ್ಟು ಬಂದರೆ ಊರಿಗೆ ದುಡ್ಡು ಬರುತ್ತದೆ ಅಲ್ವಾ ಅನ್ನುವ ಪ್ರಶ್ನೆ ಬರುತ್ತದೆ. ಬರುತ್ತದೆ, ಆದರೆ ಉಳಿಯುವವರಿಂದ. ಒಂದು ದಿನದಲ್ಲಿ ಬಂದು ಹೋಗುವವರ ಖರ್ಚನ್ನು ಒಮ್ಮೆ ಯೋಚಿಸಿ. ಡೀಸೆಲ್ ಹೆದ್ದಾರಿಯ ಬಂಕಿನಲ್ಲಿ. ನೀರಿನ ಕೇಸ್, ಚಿಪ್ಸ್, ಬಿಯರ್ ಹೊರಡುವ ಊರಿನಲ್ಲೇ ತುಂಬಿಸಿಕೊಂಡಿರುತ್ತಾರೆ. ಮಧ್ಯಾಹ್ನದ ಪುಳಿಯೋಗರೆ ಡಬ್ಬಿಯಲ್ಲಿ. ಇಲ್ಲಿ ಕೊಡುವುದು ಪಾರ್ಕಿಂಗ್ ಮತ್ತು ಟಿಕೆಟ್, ಜೊತೆಗೆ ಒಂದು ಕಾಫಿ, ಒಂದು ಪ್ಲೇಟ್ ಮಿರ್ಚಿ. ಟಿಕೆಟಿನ ಹಣ ಆಯಾ ಇಲಾಖೆಗೋ ಪ್ರಾಧಿಕಾರಕ್ಕೋ ಹೋಗುತ್ತದೆ. ದಾರಿ ಬದಿಯ ಕಸ ಎತ್ತಬೇಕಾದದ್ದು ಗ್ರಾಮ ಪಂಚಾಯಿತಿ. ಪಂಚಾಯಿತಿಯ ಕೈಯಲ್ಲಿರುವುದು ಒಂದು ಸ್ವಚ್ಛ ವಾಹಿನಿ ಗಾಡಿ. ಮನೆಗಳ ಕಸ ಎತ್ತುವುದಕ್ಕೇ ಅದಕ್ಕೆ ಹೊತ್ತು ಸಾಲುವುದಿಲ್ಲ. ಸೋಮವಾರ ಬೆಳಿಗ್ಗೆ ಹಿನ್ನೀರಿನ ದಡದಲ್ಲಿ ಬಿದ್ದಿರುವುದನ್ನು ಎತ್ತಲು ಅದು ಹೋಗುವುದು ಯಾವಾಗ?

ಪ್ಲಾಸ್ಟಿಕ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ರೈತನಿಗೆ ಅದಕ್ಕಿಂತ ಭಯ ಬಾಟಲಿಯದು. ಕಾರಿನ ಕಿಟಕಿಯಿಂದ ಎಸೆದ ಬಾಟಲಿ ಒಡೆದು ಗದ್ದೆಗೆ ಬೀಳುತ್ತದೆ. ನಟ್ಟಿ ಸಮಯದಲ್ಲಿ ಕೆಸರಿನೊಳಗೆ ಚೂರು ಕಾಣುವುದಿಲ್ಲ. ಬರಿಗಾಲಿನಲ್ಲಿ ಇಳಿದವರ ಪಾದ ಸೀಳುತ್ತದೆ, ದನದ ಗೊರಸಿನ ನಡುವೆ ಹೊಕ್ಕುತ್ತದೆ. ಪ್ರವಾಸಿಗಳ ಮೇಲೆ ಊರಿನವರಿಗೆ ಸಿಟ್ಟು ಬರುವುದು ಟ್ರಾಫಿಕ್ಕಿಗಲ್ಲ, ಇಂಥದ್ದಕ್ಕೆ.

ಆದರೂ ಹಳ್ಳಿಗಳು ಪ್ರವಾಸವನ್ನು ಬೇಡ ಅನ್ನುವ ಸ್ಥಿತಿಯಲ್ಲಿ ಇಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ ಹಬ್ಬಿದೆ, ಹಳದಿ ಎಲೆ ರೋಗ ಬಂದ ತೋಟಗಳನ್ನು ಉಳಿಸುವುದು ಕಷ್ಟ. ಮಕ್ಕಳು ಬೆಂಗಳೂರಿನಲ್ಲಿ. ಹತ್ತು ಜನ ಇದ್ದ ಮನೆಯಲ್ಲಿ ಈಗ ಇಬ್ಬರು. ಖಾಲಿ ಬಿದ್ದ ಕೋಣೆಗೆ ಸುಣ್ಣ ಬಳಿದು ಹೋಮ್‌ಸ್ಟೇ ಮಾಡುವುದು ಇಲ್ಲಿ ಶೋಕಿಗಲ್ಲ. ರಾತ್ರಿ ಉಳಿದವರು ಕಡುಬು, ನೀರುದೋಸೆ ತಿನ್ನುತ್ತಾರೆ. ಹೋಗುವಾಗ ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು, ಜೇನು ಕಟ್ಟಿಸಿಕೊಳ್ಳುತ್ತಾರೆ. ಸಾಗರದ ಗುಡಿಗಾರರ ಗಂಧದ ಕೆತ್ತನೆ ನೋಡುತ್ತಾರೆ. ಒಂದು ರಾತ್ರಿ ಉಳಿದ ಒಂದು ಕುಟುಂಬದಿಂದ ಊರಿಗೆ ಸಿಗುವುದು, ಬಂದು ಹೋದ ಹತ್ತು ಕಾರುಗಳಿಂದ ಸಿಗುವುದಿಲ್ಲ. ಹೀಗಿರುವಾಗ ತಲೆ ಎಣಿಸಿ 'ಈ ವರ್ಷ ಇಷ್ಟು ಲಕ್ಷ ಪ್ರವಾಸಿಗರು' ಅಂತ ಹೆಮ್ಮೆಪಡುವ ಲೆಕ್ಕವೇ ನನಗೆ ಅರ್ಥವಾಗುವುದಿಲ್ಲ. ಎಷ್ಟು ರಾತ್ರಿ ಉಳಿದರು ಅನ್ನುವುದನ್ನು ಎಣಿಸಿದರೆ ಏನಾದರೂ ತಿಳಿದೀತು.

ಒಂದೇ ದಿನ ಇದೆ ಅನ್ನುವವರಿಗೆ ಜಾಗಗಳಿಗೇನೂ ಬರ ಇಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿ ಹಿಡಿದರೆ ಹದಿನಾಲ್ಕು ಕಿಲೋಮೀಟರ್‌ಗೆ ಸಕ್ರೆಬೈಲು ಆನೆ ಬಿಡಾರ. ಅಲ್ಲಿ ಬೆಳಿಗ್ಗೆ ಹೊತ್ತು ಮಾತ್ರ, ಆಮೇಲೆ ಆನೆಗಳನ್ನು ಕಾಡಿಗೆ ಬಿಡುತ್ತಾರೆ. ಅದೇ ದಾರಿಯಲ್ಲಿ ಮುಂದೆ ಮಂಡಗದ್ದೆ. ತುಂಗಾ ನದಿಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ, ರಸ್ತೆ ಬದಿಯಿಂದಲೇ ಕಾಣುತ್ತವೆ. ತೀರ್ಥಹಳ್ಳಿ ದಾಟಿದರೆ ಕುಪ್ಪಳಿಯ ಕವಿಮನೆ, ಕವಿಶೈಲ, ಇನ್ನೊಂದು ದಿಕ್ಕಿಗೆ ಕವಲೇದುರ್ಗದ ಕೋಟೆ. ಇವುಗಳಲ್ಲಿ ಎರಡನ್ನು ಆರಿಸಿಕೊಂಡರೂ ದಿನ ತುಂಬುತ್ತದೆ, ಓಟವಿಲ್ಲ. ಸಾಗರದಿಂದ ಹತ್ತು ಕಿಲೋಮೀಟರ್ ಒಳಗೆ ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ. ಜೋಗಕ್ಕೆ ಹೋಗುವ ನೂರು ಕಾರುಗಳಲ್ಲಿ ಎಷ್ಟು ಅಲ್ಲಿಗೆ ತಿರುಗುತ್ತವೆ ಅನ್ನುವುದನ್ನು ಒಂದು ಭಾನುವಾರ ಇಕ್ಕೇರಿಯ ಅಂಗಳದಲ್ಲಿ ನಿಂತರೆ ಗೊತ್ತಾಗುತ್ತದೆ. ಕೈ ಬೆರಳು ಸಾಕು. ಹೆಗ್ಗೋಡಿನ ನೀನಾಸಂ 1949ರಿಂದ ಇದೆ, ನಾಟಕ ಇರುವ ದಿನ ನೋಡಿಕೊಂಡು ಬಂದರೆ ಸಂಜೆಗೆ ಅದು. ಶಿಕಾರಿಪುರ ತಾಲ್ಲೂಕಿನ ತಾಳಗುಂದ, ಬಳ್ಳಿಗಾವಿ ಒಟ್ಟಿಗೆ ನೋಡಬಹುದು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಸಿಂಹಕಟಾಂಜನ ಶಾಸನ ಸಿಕ್ಕಿದ್ದು ತಾಳಗುಂದದಲ್ಲೇ. ಸೊರಬದ ಗುಡವಿ ಪಕ್ಷಿಧಾಮವೂ ಮಳೆಗಾಲ ಮತ್ತು ಅದರ ಬೆನ್ನಿಗೆ ಹೋಗುವ ಜಾಗ. ತ್ಯಾವರೆಕೊಪ್ಪದ ಹುಲಿ–ಸಿಂಹ ಸಫಾರಿಗೆ ಮಂಗಳವಾರ ರಜೆ.

ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವವರು ಒಂದು ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಚಾರಣಕ್ಕೆ ಹೇಳಿ ಮಾಡಿಸಿದ ಈ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು ಇದು. ಹರಡುವುದು ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ. ಮನುಷ್ಯನಿಂದ ಮನುಷ್ಯನಿಗೆ ಬರುವುದಿಲ್ಲ. 2018–19ರಲ್ಲಿ ಜೋಗದ ಹತ್ತಿರದ ಅರಳಗೋಡು ಭಾಗದಲ್ಲಿ ಇದರಿಂದ ಸಾವುಗಳೇ ಆದವು. ಹಳೆಯ ಲಸಿಕೆಯನ್ನು ಈಗ ಕೊಡುತ್ತಿಲ್ಲ. ಊರಿನವರಿಗೆ ಆರೋಗ್ಯ ಇಲಾಖೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಹಂಚುತ್ತದೆ, ಅವರು ಕೈಕಾಲಿಗೆ ಸವರಿಕೊಂಡು ಸೊಪ್ಪಿಗೆ ಹೋಗುತ್ತಾರೆ. ಹೊರಗಿನವರಿಗೆ ಇದನ್ನು ಹೇಳುವವರೇ ಇಲ್ಲ. ಚಡ್ಡಿ ಹಾಕಿಕೊಂಡು ತರಗೆಲೆ ಮೇಲೆ ಮಲಗಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಒಂದು ದಿನದ ಪ್ರವಾಸಿಗೆ ಇಲ್ಲಿ ಬೇರೆಯೇ ಅಪಾಯವಿದೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜ್ವರ ಬರುತ್ತದೆ. ಅಷ್ಟು ಹೊತ್ತಿಗೆ ಆತ ಬೆಂಗಳೂರಿನ ಆಫೀಸಿನಲ್ಲಿ ಇರುತ್ತಾನೆ. ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು. ಡಾಕ್ಟರು ಡೆಂಗಿ ಅಂದುಕೊಳ್ಳಬಹುದು. "ಹೋದ ವಾರ ಸಾಗರದ ಕಾಡಿಗೆ ಹೋಗಿದ್ದೆ" ಅನ್ನುವ ಒಂದು ವಾಕ್ಯವನ್ನು ರೋಗಿಯೇ ಹೇಳಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಅರಣ್ಯ ಇಲಾಖೆಯ ಬುಕಿಂಗ್ ಟಿಕೆಟಿನಲ್ಲಿ 'ಮದ್ಯ ನಿಷೇಧ, ಪ್ಲಾಸ್ಟಿಕ್ ನಿಷೇಧ' ಸಾಲುಗಳ ಜೊತೆಗೆ ಇದನ್ನೂ ಎರಡು ಸಾಲು ಸೇರಿಸಿದರೆ ಒಂದು ಪೈಸೆ ಖರ್ಚಿಲ್ಲ.

ಈಗ ಮತ್ತೆ ದಾರಿಯ ಮಾತು. ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ಮಾಡುವ ಪ್ರಸ್ತಾಪ ಇದೆ. ಬೇಕು ಅನ್ನುವವರ ವಾದದಲ್ಲಿ ಹುರುಳಿದೆ. ವಯಸ್ಸಾದವರು, ನಡೆಯಲಾಗದವರು ಸರ್ವಜ್ಞ ಪೀಠ ನೋಡಬಹುದು. ಜೀಪುಗಳು ಕಾಡಿನ ದಾರಿಯನ್ನು ಕಿತ್ತುಹಾಕುವುದು ನಿಲ್ಲಬಹುದು. ಆದರೆ 1,343 ಮೀಟರ್ ಎತ್ತರದ ಆ ತುದಿ ತುಂಬಾ ಇಕ್ಕಟ್ಟು. ಗಂಟೆಗೆ ಇಷ್ಟು ನೂರು ಜನರನ್ನು ಮೇಲಕ್ಕೆ ಸಾಗಿಸಬಲ್ಲೆವು ಅಂತ ಯೋಜನೆಯವರು ಹೇಳುತ್ತಾರೆ. ಮೇಲೆ ಒಂದು ಹೊತ್ತಿಗೆ ಎಷ್ಟು ಜನ ನಿಲ್ಲಬಹುದು ಅನ್ನುವ ಅಂಕಿಯನ್ನು ಮೊದಲು ಬರೆದು, ಆಮೇಲೆ ತಂತಿಯ ಲೆಕ್ಕ ಹಾಕಬೇಕು. ಸಿಗಂದೂರಿನಲ್ಲಿ ಇದು ತಲೆಕೆಳಗಾಯಿತು. ಸೇತುವೆಗೆ 400 ಕೋಟಿಗೂ ಮೀರಿ ಖರ್ಚಾಯಿತು. ಆಚೆ ದಡದಲ್ಲಿ ಕಾರು ಎಲ್ಲಿ ನಿಲ್ಲಬೇಕು, ಶೌಚಾಲಯ ಎಷ್ಟು ಬೇಕು, ಕಸ ಯಾರ ಜವಾಬ್ದಾರಿ ಅನ್ನುವುದು ಉದ್ಘಾಟನೆಯ ನಂತರದ ಚರ್ಚೆಯಾಯಿತು.

ಎಲ್ಲ ಕಡೆಯೂ ಟಿಕೆಟ್, ಪಾಳಿ, ಗೇಟು ಅಂತ ಹೋಗಬೇಕಿಲ್ಲ. ಕಾರು ಕಡಿಮೆಯಾದರೆ ಅರ್ಧ ಸಮಸ್ಯೆ ಕಡಿಮೆ. ಅದಕ್ಕೆ ಬೇಕಾದದ್ದು ಬಹುಪಾಲು ಇಲ್ಲಿ ಈಗಾಗಲೇ ಇದೆ. ಮೈಸೂರು–ತಾಳಗುಪ್ಪ ರೈಲು ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಸಾಗರ, ತಾಳಗುಪ್ಪ ತಲುಪುತ್ತದೆ. ತಾಳಗುಪ್ಪದಿಂದ ಜೋಗ ಹದಿನೈದು ಕಿಲೋಮೀಟರ್ ಆಸುಪಾಸು. ಇಳಿದ ಮೇಲೆ ಏನು ಅನ್ನುವಲ್ಲಿ ಸರಪಳಿ ತುಂಡಾಗುತ್ತದೆ. ನಮ್ಮ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ, ಆದರೆ ಮಲೆನಾಡಿನ ಎಷ್ಟೋ ರೂಟುಗಳಲ್ಲಿ ಸರ್ಕಾರಿ ಬಸ್ಸೇ ಇಲ್ಲ. ಖಾಸಗಿಯವರ ಟೈಮಿಂಗ್ ಶಾಲೆ, ಕಚೇರಿ, ಸಂತೆಗೆ ಹೊಂದಿಕೊಂಡದ್ದು, ರೈಲಿಗಲ್ಲ. ಹಾಗಾಗಿ ರೈಲಿನಲ್ಲಿ ಬಂದವರು ಟ್ಯಾಕ್ಸಿಯವನ ಜೊತೆ ಚೌಕಾಶಿಗೆ ನಿಲ್ಲುತ್ತಾರೆ, ಮುಂದಿನ ಸಲ ಕಾರಿನಲ್ಲೇ ಬರುತ್ತಾರೆ. ಮಳೆಗಾಲದ ವಾರಾಂತ್ಯಕ್ಕೆ ಹುಬ್ಬಳ್ಳಿಯಿಂದ ಜೋಗಕ್ಕೆ ವಿಶೇಷ ಬಸ್ ಬಿಡುತ್ತಾರೆ. ಒಂದು ಬಸ್ ಅಂದರೆ ಹತ್ತು ಹನ್ನೆರಡು ಕಾರು ಕಡಿಮೆ. ಅದೇ ಕೆಲಸವನ್ನು ತಾಳಗುಪ್ಪ ಸ್ಟೇಷನ್ ಮುಂದೆಯೂ ಮಾಡಬಹುದು. ಶನಿವಾರ, ಭಾನುವಾರ ಬೆಳಗಿನ ರೈಲು ಬರುವ ಹೊತ್ತಿಗೆ ಎರಡು ಬಸ್, ಒಂದು ಜೋಗಕ್ಕೆ, ಇನ್ನೊಂದು ಸೇತುವೆ ದಾಟಿ ಸಿಗಂದೂರಿಗೆ. ಬರುವಾಗ ಇಕ್ಕೇರಿಯಲ್ಲಿ ಒಂದು ಗಂಟೆ ನಿಲ್ಲಿಸಿ, ರಾತ್ರಿ ರೈಲಿನ ಹೊತ್ತಿಗೆ ಸಾಗರ ಸ್ಟೇಷನ್ನಿಗೆ ಬಿಡಲಿ. ಇದಕ್ಕೆ ಹೊಸ ಯೋಜನೆ ಬೇಡ, ಸಾರಿಗೆ ಡಿಪೋ ಮತ್ತು ಜಿಲ್ಲಾಡಳಿತ ಒಂದು ಮೇಜಿನ ಸುತ್ತ ಕೂತು ಟೈಮ್‌ಟೇಬಲ್ ಬರೆಯಬೇಕು, ಅಷ್ಟೇ.